ಕಾಪಿ ಆಗೋ ತನಕ

ಕಾಕಾ ತೀರಿಕೊಂಡ ಮೂರನೆಯ ವಾರ ಅವರ ಹೆಂಡತಿ ಕಾಕೂ ನನ್ನನ್ನು ಮನೆಗೆ ಕರೆಸಿಕೊಂಡರು. ಚಹಾ ಕೊಟ್ಟರು, ಹಚ್ಚಿದ ಅವಲಕ್ಕಿ ಕೊಟ್ಟರು. ಆಮೇಲೆ ಒಳಗೆ ಹೋಗಿ ಕರವಸ್ತ್ರದ ಒಂದು ಗಂಟು ತಂದು ಮುಂದಿಟ್ಟರು.

"ಇದು ನಿನಗ ಇರ್ಲಿ ತಂಗಿ. ಯಾವಾಗ ನೋಡಿದ್ರೂ ಇದರ ಸಲುವಾಗೇ ಜಗಳಾಡತಿದ್ರಿ ಇಬ್ರೂ."

ಬಿಚ್ಚುವ ಮೊದಲೇ ಗೊತ್ತಾಯಿತು. ಕರಿ ಡಬ್ಬಿ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಇಳಿಸುವ ಕಾರ್ಡ್ ರೀಡರ್. ಬೆಂಕಿಪೊಟ್ಟಣದಷ್ಟು ದೊಡ್ಡದು, ಒಂದು ಮೂಲೆ ಒಡೆದಿದೆ, ಒಡೆದಲ್ಲಿ ಟೇಪು ಸುತ್ತಿದೆ. ತೀರಿಹೋದವರ ವಸ್ತು ಕೈಗೆ ಬಂದಾಗ ಕಣ್ಣು ತುಂಬಬೇಕಂತೆ. ನನಗೆ ಸಿಟ್ಟು ಬಂತು. ಮನೆಗೆ ಬಂದು ಡೈರಿಯಲ್ಲಿ ಅದನ್ನೇ ಬರೆದೆ, ಯಾಕೆಂದರೆ ನಾನು ಸುಳ್ಳು ಬರೆಯುವುದಿಲ್ಲ.

ವಿಜಯಪುರದ ಸ್ಟೇಷನ್ ರಸ್ತೆಯಿಂದ ಒಳಗೆ ಸರಿಯುವ ಓಣಿಯಲ್ಲಿ, ಟೇಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕಾಕಾನ ಫೋಟೋ ಸ್ಟುಡಿಯೋ. ಬಿ.ಸಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಆಲ್ಬಮ್ ಕೂಡಿಸಲು ಇಟ್ಟುಕೊಂಡರು. ಸ್ವಲ್ಪ ದಿನಕ್ಕೆ ಮದುವೆಗಳಿಗೂ ಕರೆದೊಯ್ಯತೊಡಗಿದರು. ಹೆಣ್ಣುಮಗಳಾದರೆ ಮದುಮಗಳ ಕೋಣೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಬಹುದು, ಯಾರೂ ಏನೂ ಅನ್ನುವುದಿಲ್ಲ ಎಂಬುದು ಅವರ ಲೆಕ್ಕ. ನಾನು ಶಾಲೆಯ ದಿನದಿಂದ ಡೈರಿ ಬರೆಯುವವಳು. ಯಾವ ದಿನ, ಯಾವ ಊರು, ಎಷ್ಟು ಫೋಟೋ, ಎಷ್ಟು ಹೊತ್ತು ಹಿಡಿಯಿತು, ಇಷ್ಟನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ. ಅವರ ಜೊತೆ ಕಳೆದ ನಾಲ್ಕು ಮದುವೆ ಹಂಗಾಮಿನ ಪುಟಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದಿರುವ ಸಾಲು ಒಂದೇ: "ಇವತ್ತೂ ಕರಿ ಡಬ್ಬಿ."

ಕಾಕಾ ಎಲ್ಲದರಲ್ಲೂ ಜಿಪುಣರಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕ್ಯಾಮೆರಾ ಹೊಸದು ಬೇಕು. ಲೆನ್ಸ್ ಕೊಳ್ಳಲು ಸೊಲ್ಲಾಪುರ ದಾಟಿ ಪುಣೆಯವರೆಗೂ ಹೋಗಿ ಬರುತ್ತಿದ್ದರು. ಕಾರ್ಡುಗಳಂತೂ ಅತಿ ವೇಗದವು, ಹಿಂಬದಿಯಲ್ಲಿ ಎರಡು ಸಾಲು ಹೊಳೆಯುವ ಪಟ್ಟಿ ಇರುವಂಥವು. ಆದರೆ ಆ ಎರಡನೆಯ ಸಾಲು ಇರುವುದೇ ವೇಗಕ್ಕೆ, ಅದನ್ನು ಮುಟ್ಟುವ ರೀಡರ್ ಇಲ್ಲದಿದ್ದರೆ ಆ ಕಾರ್ಡಿಗೆ ಹಾಕಿದ ದುಡ್ಡು ದಂಡ ಎಂದು ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಕೊನೆಗೆ ಒಕ್ಕಲುತನದ ಭಾಷೆಯಲ್ಲೇ ಹೇಳಿ ನೋಡಿದೆ.

"ಕಾಕಾ, ಬೋರಿಗೆ ಮೂರಿಂಚು ನೀರು ಬಿದ್ದೈತಿ. ನೀವು ಅರ್ಧ ಇಂಚಿನ ಪೈಪ ಕೂಡಿಸೀರಿ."

"ಅರ್ಧ ಇಂಚಿನ ಪೈಪಿಲೇ ನಮ್ಮಪ್ಪ ಬಾಳಿ ತ್ವಾಟ ಮಾಡ್ಯಾನ ಬೇ ತಂಗಿ," ಎಂದು ನಕ್ಕು ಡಬ್ಬಿಯ ಬಾಯಿಗೆ ಫೂ, ಫೂ, ಫೂ ಎಂದು ಮೂರು ಸಲ ಊದಿ ಕಾರ್ಡು ತುರುಕಿದರು. ಊದಬೇಡಿ, ಉಗುಳಿನ ಹನಿ ಒಳಗೆ ಹೋಗುತ್ತದೆ ಎಂದರೆ ಅದಕ್ಕೂ ನಗುವೇ.

ಉದ್ದ ತೋಳಿನ ಬಿಳಿ ಅಂಗಿ, ಅದರ ಮೇಲೆ ನಾಲ್ಕು ಜೇಬಿನ ಖಾಕಿ ಜಾಕೀಟು. ಖಾಲಿ ಕಾರ್ಡು ಎಡಜೇಬಿನಲ್ಲಿ, ತುಂಬಿದ್ದು ಬಲಜೇಬಿನಲ್ಲಿ. ಮದುವೆಮನೆಯಲ್ಲಿ ಯಾರು ಮಾತಾಡಿಸಿದರೂ ಬಲಗೈ ಹೋಗಿ ಆ ಜೇಬನ್ನು ಒಂದು ಸಲ ತಟ್ಟಿ ಬರುತ್ತಿತ್ತು. "ಕಾರ್ಡು ಅಂದ್ರ ಹಸಿ ಗ್ವಾಡಿ ಇದ್ದಂಗ. ಆರೂ ತನಕ ಯಾರೂ ಕೈ ಹಚ್ಚಬಾರದು," ಎನ್ನುವರು. ಆರುವುದು ಎಂದರೆ ಲ್ಯಾಪ್‌ಟಾಪಿನಲ್ಲಿ ಒಂದು, ಬೇರೆ ಡ್ರೈವಿನಲ್ಲಿ ಒಂದು ಪ್ರತಿ ಆಗುವುದು. ಅಲ್ಲಿಯವರೆಗೆ ಕ್ಯಾಮೆರಾದ ಬೆನ್ನ ಮೇಲಿನ ಪರದೆಯಲ್ಲೂ ಯಾರಿಗೂ ಏನನ್ನೂ ತೋರಿಸುತ್ತಿರಲಿಲ್ಲ. ಹಿಂದೊಮ್ಮೆ ಬೀಗರ ಕಡೆಯ ಯಾರೋ, ನೋಡಿ ಕೊಡ್ತೀನಿ ಎಂದು ಇಸಿದುಕೊಂಡು ಕಸದಬುಟ್ಟಿ ಚಿತ್ರದ ಗುಂಡಿ ಒತ್ತಿದ್ದರಂತೆ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು, ಅವರು ಇನ್ನೊಂದು ಹಟ ಹಿಡಿಯದಿದ್ದರೆ.

ನಮ್ಮ ಕಡೆ ಕೆಲವು ಮನೆತನಗಳಲ್ಲಿ ಒಂದು ರೂಢಿ ಇದೆ. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತನ್ನು ಮದುಮಗಳನ್ನು ಹೆತ್ತವಳು ನೋಡಬಾರದು. ಇಡೀ ಊರು ಅಕ್ಕಿಕಾಳು ಹಿಡಿದು ಚಪ್ಪರದಲ್ಲಿ ನಿಂತಾಗ ಆಕೆ ಒಳಗೆ ದೇವರ ಮುಂದೆಯೋ ಅಡುಗೆಮನೆಯಲ್ಲೋ ಬೆನ್ನು ತಿರುಗಿಸಿ ಕೂತಿರುತ್ತಾಳೆ. ಬಾಜಾ ಜೋರಾದಾಗ ಅಕ್ಕಿಕಾಳು ಬಿದ್ದವೆಂದು ತಿಳಿದುಕೊಳ್ಳಬೇಕು. ಅಂಥ ಮನೆಗಳಲ್ಲಿ ಕಾಕಾ ಒಂದು ನೇಮ ಮಾಡಿಕೊಂಡಿದ್ದರು. ಬೀಗರ ಗಾಡಿ ಮಗಳನ್ನು ಕರೆದುಕೊಂಡು ಹೊರಡುವ ಮೊದಲು ತಾಯಿಯನ್ನು ಕೂರಿಸಿ, ಪಕ್ಕದಲ್ಲಿ ಮಗಳನ್ನು ಕೂರಿಸಿ, ಆ ಹೊತ್ತಿನ ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ತೋರಿಸಲೇಬೇಕು.

"ನಾಳೆ ತೋರಿಸಿದ್ರ ಆಗೂದಿಲ್ಲೇನ್ರಿ?" ಎಂದು ಕೇಳಿದ್ದೆ.

"ನಾಳೆ ತೋರಿಸಿದ್ರ ಅದು ಫೋಟೋ. ಮಗಳು ಬಾಜೂಕ ಕುಂತಾಗ ತೋರಿಸಿದ್ರ ಲಗ್ನ."

"ಮೊಬೈಲ್‌ನ್ಯಾಗ ಹತ್ತು ಮಂದಿ ತಗದಿರತಾರಲ್ಲ, ಅದನ್ನ ನೋಡ್ತಾರ ಬಿಡ್ರಿ."

"ಮೊಬೈಲ್‌ನ್ಯಾಗ ಮಂದಿ ತಲಿ ಕಾಣತಾವ. ಮಗಳ ಮಾರಿ ಎಲ್ಲಿ ಕಾಣತೈತಿ?"

ನೇಮ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಕರಿ ಡಬ್ಬಿಯಲ್ಲಿ ಒಂದು ತುಂಬಿದ ಕಾರ್ಡು ಇಳಿಯಲು ಮುಕ್ಕಾಲು ಗಂಟೆ. ಬೀಗರು ಊಟ ಮುಗಿಸಿ ಕೈ ತೊಳೆದರೆಂದರೆ ಗಾಡಿಯ ಇಂಜಿನ್ ಶುರು. ಈ ಎರಡರ ನಡುವೆ ಓಡುವವಳು ನಾನು. ಅಕ್ಕಿಕಾಳಿನ ನಾಲ್ಕು ಫೋಟೋ ಮೊದಲು ಇಳಿಸಿಕೊಂಡು ತೋರಿಸೋಣ, ಉಳಿದದ್ದು ಆಮೇಲೆ ಎಂದರೆ ಅದಕ್ಕೂ ಇಲ್ಲ. ನಾನು ಸೇರುವುದಕ್ಕಿಂತ ಮೊದಲು ತಿಕೋಟಾದ ಒಂದು ಮದುವೆಯಲ್ಲಿ ಹಾಗೆ ಅರ್ಧ ಇಳಿಸಿದ ಕಾರ್ಡನ್ನು ಪೂರ್ತಿ ಇಳಿದಿದೆ ಎಂದುಕೊಂಡು ಅಳಿಸಿಬಿಟ್ಟಿದ್ದರಂತೆ. ಮದುಮಕ್ಕಳಿಗೆ ಸುರಗಿಯ ನೀರು ಹಾಕಿದ ಫೋಟೋ ಒಂದೂ ಉಳಿಯಲಿಲ್ಲ. ಕಾಕಾ ಆ ಮದುವೆಮನೆಗೆ ತಾವೇ ಹೋಗಿ ಅಂಗಳದಲ್ಲಿ ನಿಂತು ತಪ್ಪಾಯಿತೆಂದು ಹೇಳಿದರಂತೆ. ಅವತ್ತಿನಿಂದ ಕಾನೂನು: ಕಾರ್ಡು ಒಮ್ಮೆ ಡಬ್ಬಿಗೆ ಹೋದರೆ ಪೂರ್ತಿ ಇಳಿದೇ ಹೊರಗೆ ಬರಬೇಕು.

ಹೀಗಾಗಿ ಮದುವೆ ಮದುವೆಗೂ ಅದೇ ನಾಟಕ. ಕೋಣೆಯಲ್ಲಿ ನಾನು, ನನ್ನ ಮುಂದೆ ಆಮೆಯಂತೆ ತೆವಳುವ ಹಸಿರು ಪಟ್ಟಿ. ಪಕ್ಕದಲ್ಲಿ ಸೆರಗಿನಿಂದ ಕಣ್ಣೊರೆಸುತ್ತ ಮದುಮಗಳ ತಾಯಿ. ಬಾಗಿಲ ಹೊರಗೆ ಮಡಚುವ ಕುರ್ಚಿ ಹಾಕಿಕೊಂಡು ಕಾಕಾ. ಅಲ್ಲಿಂದಲೇ ಅವರ ಕೂಗು.

"ಇನ್ನೂ ಟೈಮ್ ಐತ್ರಿ ಅಕ್ಕಾರ. ಕಾಪಿ ಆಗೋ ತನಕ ಎರಡು ತುತ್ತು ಉಣ್ರಿ. ಏ, ಯಾರರೆ ಅಕ್ಕಾರಿಗೆ ಒಂದು ತಾಟು ಹಚ್ಕೊಂಡು ಬರ್ರಿಪಾ!"

ಇದನ್ನು ಕೇಳಿದಾಗಲೆಲ್ಲ ನಾನು ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದೆ. ತಮ್ಮ ಡಬ್ಬಿಯ ಸೋಂಬೇರಿತನ ಮುಚ್ಚಲು ಮಂದಿಯ ಮನೆಯ ಹುಗ್ಗಿಯನ್ನು ಮುಂದೆ ಮಾಡುತ್ತಾರಲ್ಲ ಎಂದು.

ಒಂದು ಮಳೆಗಾಲ, ಮದುವೆ ಇಲ್ಲದ ದಿನಗಳಲ್ಲಿ, ನಾನು ಪಟ್ಟು ಹಿಡಿದು ಕೂತೆ. ಸೊಲ್ಲಾಪುರ ರಸ್ತೆಯ ಸ್ಟುಡಿಯೋಗಳಲ್ಲಿ ಕೆಲಸ ಮಾಡುವ ಗೆಳತಿಯರಿಂದ ಬೇರೆ ಬೇರೆ ರೀಡರ್ ಇಸಿದುಕೊಂಡು ಬಂದೆ. ಒಂದೇ ಕಾರ್ಡು, ಅವೇ ಫೋಟೋಗಳು, ಒಂದೇ ಲ್ಯಾಪ್‌ಟಾಪು. ಒಂದರಲ್ಲಿ ಕಾರ್ಡು ಸಡಿಲ ಕೂರುತ್ತಿತ್ತು. ಒಂದು ಶುರುವಿಗೆ ಓಡಿ ಆಮೇಲೆ ಕಾದು ಕೆಂಡವಾಗಿ ನಿಧಾನವಾಗುತ್ತಿತ್ತು. ಇನ್ನೊಂದರ ಡಬ್ಬಿಯ ಮೇಲೆ ಬರೆದ ವೇಗವೇ ಬೇರೆ, ಒಳಗಿನ ವೇಗವೇ ಬೇರೆ. ಗಿಡ್ಡ ವೈರಿನ, ಲೋಹದ ಮೈಯ ಒಂದು ರೀಡರ್ ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ ಓಟ ಓಡಿತು. ಅದೂ ಲ್ಯಾಪ್‌ಟಾಪಿನ ವೇಗದ ಕಿಂಡಿಗೆ ನೇರವಾಗಿ ಹಾಕಿದರೆ. ನಡುವೆ ಬೇರೆ ಜೋಡಣೆ ಇಟ್ಟರೆ ಅದೂ ಕುಂಟುತ್ತಿತ್ತು. ಕರಿ ಡಬ್ಬಿಯ ಮುಕ್ಕಾಲು ಗಂಟೆ ಇದರಲ್ಲಿ ಆರು ನಿಮಿಷ. ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅವರ ಕುರ್ಚಿಯ ಎದುರಿನ ಗೋಡೆಗೆ ಅಂಟಿಸಿದೆ.

ಮರುದಿನ ಬಂದು ನೋಡುತ್ತೇನೆ, ಅದರ ಮೇಲೆ ಯಾವುದೋ ಗೊಬ್ಬರದಂಗಡಿಯ ಕ್ಯಾಲೆಂಡರ್ ನೇತಾಡುತ್ತಿದೆ.

"ಮೊಳಿ ಅಲ್ಲೇ ಇತ್ತು ತಂಗಿ," ಎಂದರು.

ಆದರೂ ದಸರೆಗೆ ಸ್ವಲ್ಪ ಮೊದಲು ಏನನಿಸಿತೋ, "ತರಸವ್ವಾ ನಿನ್ನ ಕುದರೀನ," ಎಂದರು. ತರಿಸಿದೆ. ಆ ಲೋಹದ ಮೈಯ ರೀಡರ್ ಬಂದ ಖುಷಿ ಖಂಡೇಪೂಜೆಯವರೆಗೆ, ಅಂದರೆ ಆಯುಧಪೂಜೆಯವರೆಗೆ, ಇತ್ತು. ಅವತ್ತು ಸ್ಟುಡಿಯೋದ ಎಲ್ಲ ಸಾಮಾನುಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಕಾಕಾ ಪೂಜೆ ಮಾಡುತ್ತಾರೆ. ಕ್ಯಾಮೆರಾಗಳಿಗೆ ಮುಚ್ಚಳ ಹಾಕಿ, ಪ್ಲಾಸ್ಟಿಕ್ ಹೊದಿಸಿ, ದೂರದಿಂದ ಒಂದು ಹೂವು. ಅಷ್ಟು ಜಾಣ್ಮೆ ಇದೆ. ಆದರೆ ಹೊಸ ಸಾಮಾನಿಗೆ ಹೆಚ್ಚು ಮರ್ಯಾದೆ ಆಗಬೇಕಲ್ಲ. ನಾನು ಕಾಕೂ ಜೊತೆ ಕಾಯಿ ಒಡೆಯಲು ಹೊರಗೆ ಹೋದಾಗ ನನ್ನ ಕುದುರೆಗೆ ವಿಭೂತಿ, ಅರಿಷಿಣ, ಕುಂಕುಮ, ಮೇಲೊಂದು ಚಿಟಿಕೆ ಅಕ್ಕಿಕಾಳು, ಎಲ್ಲ ಸಂದಿತ್ತು.

ತುಳಸಿ ಲಗ್ನ ಆದಮೇಲೆ ಮೊದಲ ಮದುವೆ ಬಬಲೇಶ್ವರದಲ್ಲಿ. ಅದು ಆ ರೂಢಿ ಇದ್ದ ಮನೆ. ಅಕ್ಕಿಕಾಳು ಬಿದ್ದವು, ತುಂಬಿದ ಕಾರ್ಡು ಕಾಕಾನ ಬಲಜೇಬಿನಿಂದ ನನ್ನ ಕೈಗೆ ಬಂತು. ಹೊಸ ರೀಡರಿಗೆ ಹಾಕಿದೆ. ಹಸಿರು ಪಟ್ಟಿ ಅರ್ಧದವರೆಗೆ ಓಡಿ ನಿಂತಿತು. ಕಾರ್ಡು ಕಾಣುತ್ತಿಲ್ಲ ಎಂದು ಲ್ಯಾಪ್‌ಟಾಪು ಹೇಳಿತು. ತೆಗೆದು ಹಾಕಿದೆ, ಮತ್ತೆ ಓಡಿತು, ಮತ್ತೆ ನಿಂತಿತು. ಮೂರನೆಯ ಸಲವೂ ಹಾಗೇ.  ಕಾಕಾ ಒಳಗೆ ಬಂದು ಜೇಬಿನಿಂದ ಕರಿ ಡಬ್ಬಿ ತೆಗೆದು ಕೊಟ್ಟರು. ಅದು ಮೂರನೆಯ ಒಂದು ಭಾಗ ಇಳಿಸುವಷ್ಟರಲ್ಲಿ ಹೊರಗೆ ಬೀಗರ ಹಿರಿಯರ ದನಿ ಕೇಳಿತು.

"ಏಳಸ್ರಿ ಹುಡುಗೀನ, ಹೊತ್ತಾತು! ಹೊತ್ತು ಮುಳುಗೂದರೊಳಗ ಮನಿ ತುಂಬಿಸ್ಕೋಬೇಕು!"

ಮಗಳು ಎದ್ದಳು. ತಾಯಿ ಒಂದು ಸಲ ಲ್ಯಾಪ್‌ಟಾಪಿನ ಕಡೆ, ಒಂದು ಸಲ ಮಗಳ ಕಡೆ ನೋಡಿ ಹಿಂದೆಯೇ ಹೋದರು. ಗಾಡಿ ಹೋದಮೇಲೆ ಕಾಕಾ ಆ ತಾಯಿಯ ಮುಂದೆ ನಿಂತು, "ತಪ್ಪಾತ್ರಿ ಅಕ್ಕಾರ," ಎಂದರು. "ಇರ್ಲಿ ಬಿಡ್ರೆಪ್ಪಾ," ಎಂದರು ಆಕೆ.  ವಾಪಸು ಬಂದು ಊರಲ್ಲಿ ಇಳಿಯುವಾಗ ಕಾಕಾನದು ಒಂದೇ ಮಾತು: "ನೋಡಿದ್ಯಾ ತಂಗಿ, ನಿನ್ನ ಕುದರಿ ಎಲ್ಲಿ ಕುಂತ್ತು?"

ಮರುದಿನ ಬೆಳಿಗ್ಗೆ ರೀಡರನ್ನು ಬಿಳಿ ಹಾಳೆಯ ಮೇಲೆ ಬೋರಲು ಮಾಡಿ ತಟ್ಟಿದೆ. ಕೆಂಪು ಪುಡಿ ಉದುರಿತು. ಇನ್ನೊಮ್ಮೆ ತಟ್ಟಿದೆ, ಹಳದಿ ಪುಡಿ. ಕೊನೆಗೆ ಒಂದು ಅಕ್ಕಿಯ ನುಚ್ಚು. ಹಾಳೆಯನ್ನು ಹಾಗೇ ಎತ್ತಿಕೊಂಡು ಹೋಗಿ ಕಾಕಾನ ಮುಂದೆ ಹಿಡಿದೆ.

"ಇದು ರೀಡರಿನ ತಪ್ಪಲ್ರಿ ಕಾಕಾ. ನಿಮ್ಮ ಪೂಜಾದು."

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ. ಹಾಳೆಯಿಂದ ಚಿಟಿಕೆ ಕುಂಕುಮ ತೆಗೆದು ಹಣೆಗೆ ಹಚ್ಚಿಕೊಂಡರು.

"ದೇವರ ಕುಂಕುಮಕ್ಕ ಹೆಸರಿಡಬ್ಯಾಡ. ಕರಿ ಡಬ್ಬೀಗೂ ವರ್ಷಾ ಹಚ್ಚತೇನಿ. ಅದಕ್ಕೇನಾಗೈತಿ?"

ಕುಂಚದಿಂದ ಸ್ವಚ್ಛ ಮಾಡಿ, ಅದೇ ಕಾರ್ಡು ಹಾಕಿ, ಅವರ ಕಣ್ಣೆದುರೇ ಆರು ನಿಮಿಷದಲ್ಲಿ ಇಳಿಸಿ ತೋರಿಸಿದೆ. "ಚಲೋ ಆತು," ಎಂದು ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಅವತ್ತು ನಾನು ಕೆಲಸ ಬಿಡುತ್ತೇನೆಂದು ಡೈರಿಯಲ್ಲಿ ಬರೆದೆ. ಮಧ್ಯಾಹ್ನ ಅವರು, "ನಡಿ, ಬಬಲೇಶ್ವರಕ್ಕ ಹೋಗಿ ಬರೂಣು," ಎಂದು ಲ್ಯಾಪ್‌ಟಾಪು ಎತ್ತಿಕೊಂಡು ಹೊರಟಾಗ, ಬಿಡುವುದನ್ನು ಮರೆತು ಹಿಂದೆ ಹೋದೆ.

ಆ ಮನೆಯ ಚಪ್ಪರ ಅರ್ಧ ಬಿಚ್ಚಿತ್ತು. ತಾಯಿ ಕಟ್ಟೆಯ ಮೇಲೆ ಕೂತು ಎಲ್ಲ ಫೋಟೋ ನೋಡಿದರು. ಅಕ್ಕಿಕಾಳಿನದನ್ನು ಎರಡು ಸಲ ನೋಡಿದರು. ಕೈ ಅಭ್ಯಾಸದಿಂದೆಂಬಂತೆ ಪಕ್ಕದ ಖಾಲಿ ಜಾಗದ ಕಡೆ ಹೋಗಿ ಹಿಂದೆ ಬಂತು.

"ಚಂದ ಬಂದಾವ್ರಿ. ನಿನ್ನೆ ನೋಡಿದ್ರ ಆಕೀಗೆ ಒಂದು ಮಾತು ಹೇಳತಿದ್ನಿ."

ಏನು ಮಾತು ಎಂದು ಕಾಕಾ ಕೇಳಲಿಲ್ಲ. ನನಗೂ ಧೈರ್ಯವಾಗಲಿಲ್ಲ. ಅಂದಿನಿಂದ ಕರಿ ಡಬ್ಬಿಯ ವಿಷಯಕ್ಕೆ ನಾನು ಅವರೊಂದಿಗೆ ವಾದ ಮಾಡಿದರೂ ಗೆಲ್ಲುವ ಆಸೆ ಇಟ್ಟುಕೊಳ್ಳಲಿಲ್ಲ. ಬೀಗರನ್ನು ತಡೆದು ನಿಲ್ಲಿಸಲು ಇನ್ನೊಂದು ಗ್ರೂಪ್ ಫೋಟೋ, ಮತ್ತೊಂದು ಗ್ರೂಪ್ ಫೋಟೋ ಎಂದು ಅವರು ಹೊರಗೆ ಒದ್ದಾಡುವರು. ನಾನು ಒಳಗೆ ಹಸಿರು ಪಟ್ಟಿಯನ್ನು ಶಪಿಸುವೆ. ಹೇಗೋ ಪ್ರತಿ ಸಲ ದಡ ಸೇರುತ್ತಿದ್ದೆವು.

ಈ ಸಲದ ಹಂಗಾಮು ಶುರುವಾಗುವ ಮೊದಲೇ, ಒಂದು ಬೆಳಿಗ್ಗೆ ಎದೆ ನೋವೆಂದು ಕೂತವರು ಮತ್ತೆ ಏಳಲಿಲ್ಲ. ಸ್ಟುಡಿಯೋ ನಡೆಸು ಎಂದು ಕಾಕೂ ನನಗೇ ಬಿಟ್ಟರು. ಕಪಾಟಿನ ಕೀಲಿ ಕೈಗೆ ಬಂದ ದಿನವೇ ನನ್ನ ಕುದುರೆಯನ್ನು ಹೊರಗೆ ತೆಗೆದೆ. ಕರಿ ಡಬ್ಬಿ ಮೇಜಿನ ಡ್ರಾವರಿನಲ್ಲಿ ಕರವಸ್ತ್ರದೊಳಗೇ ಉಳಿಯಿತು.

ಮೊದಲ ಮದುವೆ ನಿಡೋಣಿಯಲ್ಲಿ, ಮತ್ತೆ ಅದೇ ರೂಢಿಯ ಮನೆ. ನಾನೇ ಕ್ಯಾಮೆರಾ ಹಿಡಿದಿದ್ದೆ. ಅಕ್ಕಿಕಾಳು ಬಿದ್ದವು. ಕೋಣೆಗೆ ಹೋಗಿ ಕಾರ್ಡು ಹಾಕಿದೆ. ತಾಯಿ ಬಂದು ಕೂತು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಎಲ್ಲ ಇಳಿದಿತ್ತು. ತಾಯಿ ಮಗಳು ಭುಜಕ್ಕೆ ಭುಜ ತಾಗಿಸಿ ನೋಡಿದರು, ಅತ್ತರು, ನಕ್ಕರು. ಬೀಗರಿನ್ನೂ ಎರಡನೆಯ ಪಂಕ್ತಿಯ ಊಟದಲ್ಲಿದ್ದರು. ಇದನ್ನು ಕಾಕಾ ನೋಡಬೇಕಿತ್ತು ಎಂದು ನನಗೆ ಅನಿಸಿತು. ತಾಯಿ ಎದ್ದು ಸೆರಗು ಸಿಕ್ಕಿಸಿ ಉಡುಗೊರೆ ಕೊಡುವ ಆಯಾರದ ಸೀರೆ ಹಂಚಲು ಹೋದರು.

ಗಾಡಿ ಹೊರಡುವಾಗ ಆಕೆ ಕಿಟಕಿಯಿಂದ ಮಗಳ ಕೈ ಹಿಡಿದು ನಿಂತಿದ್ದವರು ಹಾಗೇ ಕುಸಿದರು. ಮಂದಿ ಕೂಡಿತು. ನೀರು ಚಿಮುಕಿಸಿದರು, ಗಾಳಿ ಹಾಕಿದರು. ಮಗಳು ಗಾಡಿಯಿಂದ ಇಳಿದು ಓಡಿ ಬಂದಳು.

"ಮುಂಜಾನಿಂದ ಒಂದು ತುತ್ತು ಬಾಯಾಗ ಹಾಕಿಲ್ಲಕಿ," ಎಂದು ಆಕೆಯ ಅಕ್ಕ ಎಲ್ಲರ ಮೇಲೆ ಒದರಾಡಿದರು. "ಮಂದಿಗೆಲ್ಲ ಬಡಿಸಿದ್ಲು. ಆಕೀಗೆ ಉಣ್ಣ ಅನ್ನಾಕ ಒಬ್ರರೆ ಇದ್ರೇನು?"

 ಒಬ್ಬರಿದ್ದರು. ಬಾಗಿಲ ಹೊರಗೆ ಮಡಚುವ ಕುರ್ಚಿಯಲ್ಲಿ ಕೂತು, ನಾಲ್ಕು ಹಂಗಾಮು, ನನ್ನ ಕಿವಿ ತೂತು ಬೀಳುವಂತೆ ಕೂಗಿದ್ದರು. ಊಟಕ್ಕೆ ಏಳು ಎಂದರೆ ಮದುಮಗಳ ತಾಯಿ ಯಾವತ್ತೂ ಏಳುವುದಿಲ್ಲ, ನೂರು ಕೆಲಸ ಹೇಳುತ್ತಾಳೆ. ಮಗಳ ಫೋಟೋ ಬರುವವರೆಗೆ ಎಂದರೆ ಮಾತ್ರ ಕೂತಲ್ಲಿಂದ ಕದಲುವುದಿಲ್ಲ. ಮುಂದೆ ತಾಟು ಇದ್ದರೆ ಕೈ ತಾನಾಗಿ ಹೋಗುತ್ತದೆ. ಅಷ್ಟು ಮದುವೆಗಳಲ್ಲಿ ನನ್ನ ಪಕ್ಕದಲ್ಲೇ ಅಷ್ಟು ತಾಯಂದಿರು ಉಂಡಿದ್ದರು. ನಾನು ಹಸಿರು ಪಟ್ಟಿ ನೋಡುತ್ತಿದ್ದೆ.

ತಾಯಂದಿರು ಉಣ್ಣಲಿ ಎಂದು ತಿಳಿದು ಮಾಡಿದ್ದೇ, ಇಲ್ಲ ಸುಮ್ಮನೆ ಹಳೆಯ ಡಬ್ಬಿಯ ಮೋಹವೇ, ನನಗೆ ಇವತ್ತಿಗೂ ಗೊತ್ತಿಲ್ಲ. ಕಾಕೂ ಅವರನ್ನು ಕೇಳಿದೆ. "ಅವರೆಲ್ಲಿ ಏನು ಬಿಡಿಸಿ ಹೇಳತಿದ್ರು ತಂಗಿ? ನನಗೂ ಹೇಳಿದ್ದಿಲ್ಲ," ಎಂದರು. ಗೊತ್ತಿದ್ದೇ ಮಾಡಿದ್ದರೆ ನನಗೆ ಒಂದು ಮಾತು ಹೇಳಲು ಏನಾಗಿತ್ತು? ಗೋಡೆಗೆ ಹಾಳೆ ಅಂಟಿಸುವ ಕಷ್ಟ ತಪ್ಪುತ್ತಿತ್ತು. ಅವತ್ತು ಮೊದಲೇ ಕರಿ ಡಬ್ಬಿಗೆ ಕಾರ್ಡು ಹಾಕುತ್ತಿದ್ದೆ, ಬಬಲೇಶ್ವರದ ಆ ತಾಯಿಯ ಮಾತು ಮಗಳಿಗೆ ಮುಟ್ಟುತ್ತಿತ್ತು. ಮನುಷ್ಯ ಸತ್ತಮೇಲೂ ಹೀಗೆ ಅರ್ಧಕ್ಕೇ ಬಿಟ್ಟು ಹೋಗಬಾರದು. ಅರ್ಧ ಇಳಿಸಬಾರದೆಂಬ ಕಾನೂನು ಮಾಡಿದವರೇ ಅವರು.

ಮೊನ್ನೆ ತಿಕೋಟಾದಲ್ಲಿ ಮದುವೆ. ಕಾರ್ಡನ್ನು ನನ್ನ ಕುದುರೆಗೇ ಹಾಕಿದೆ, ಕರಿ ಡಬ್ಬಿಯನ್ನು ಯಾವ ಕಾಲಕ್ಕೂ ಮುಟ್ಟುವುದಿಲ್ಲ. ಆರು ನಿಮಿಷ. ಎಲ್ಲ ಇಳಿಯಿತು, ಎರಡನೆಯ ಪ್ರತಿಯೂ ಆಯಿತು. ತಾಯಿ ಬಂದು ಕೂತರು. ನಾನು ಲ್ಯಾಪ್‌ಟಾಪಿನ ಮುಖ ನನ್ನ ಕಡೆ ತಿರುಗಿಸಿಕೊಂಡೆ.

"ಇನ್ನೂ ಆಗಿಲ್ರಿ ಅಕ್ಕಾರ. ಕಾಪಿ ಆಗೋ ತನಕ ಎರಡು ತುತ್ತು ಉಣ್ರಿ."

ತಾಟು ಬಂತು. ಆಕೆ ಚಪಾತಿ ಮುರಿದರು, ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಇಷ್ಟೊತ್ತು ಯಾಕ ಬೇ ತಂಗಿ? ನಮ್ಮ ಅಕ್ಕನ ಮಗಳ ಲಗ್ನದಾಗ ಫೋಟೋದವ್ರು ಚಿಟಿಕಿ ಹೊಡಿಯೂದರೊಳಗ ತೋರಿಸಿದ್ರು. ನಿಮ್ಮ ಮಶೀನ್ ಹಳೀದೇನು?"

"ಹಳೀದ್ರಿ."

"ಒಂದು ಚಲೋದು ತಗೋಬಾರದೇನು? ಇಷ್ಟು ಕಲತೀರಿ, ಅಷ್ಟು ತಿಳಿಯೂದಿಲ್ಲೇನು?"

ನನ್ನ ನಾಲಗೆಯ ತುದಿಗೆ ಎರಡು ಸಾಲು ಪಟ್ಟಿ, ಗಿಡ್ಡ ವೈರು, ವೇಗದ ಕಿಂಡಿ ಎಲ್ಲ ಬಂತು. ಎಲ್ಲವನ್ನೂ ನುಂಗಿದೆ. ಅಂಗೈಯ ಕೆಳಗೆ ಹೊಸ ರೀಡರ್ ಇನ್ನೂ ಬೆಚ್ಚಗಿತ್ತು.

"ತಗೋತೀವ್ರಿ ಅಕ್ಕಾರ," ಎಂದೆ. "ನೀವು ಪಲ್ಯ ಹಚ್ಕೋರಿ."